ನೀರು ಇಳಿದ ಮೇಲೆ ಬೇಸ್‌ಮೆಂಟ್: ಕರಾವಳಿ ಊರುಗಳಿಗೊಂದು ಕೈಪಿಡಿ

2024ರ ಆಗಸ್ಟ್ 31ರಂದು ಆಂಧ್ರದ ವಿಜಯವಾಡದಲ್ಲಿ ಹಿಡಿದ ಜಡಿಮಳೆಗೆ ಮರುದಿನ ಬುಡಮೇರು ತೊರೆ ಉಕ್ಕಿ, ದಂಡೆ ಒಡೆದು, ಸಿಂಗ್ ನಗರ, ಪಾಯಕಾಪುರಂ, ರಾಜರಾಜೇಶ್ವರಿ ಪೇಟೆಗಳ ಮನೆಗಳಿಗೆ ನುಗ್ಗಿತು. ನಗರದ ಇನ್ನೊಂದು ಮಗ್ಗುಲಲ್ಲಿ ಕೃಷ್ಣೆಯೂ ತುಂಬಿ ಹರಿಯುತ್ತಿದ್ದಳು. ಸೆಪ್ಟೆಂಬರ್ 2ರಂದು ಪ್ರಕಾಶಂ ಬ್ಯಾರೇಜಿನ ಮೂಲಕ ಹಾದುಹೋದ ನೀರು 11 ಲಕ್ಷ ಕ್ಯುಸೆಕ್ ದಾಟಿತ್ತು. ಬುಡಮೇರಿನ ಒಡಕುಗಳನ್ನು ಸೇನೆಯ ನೆರವಿನಿಂದ ಮುಚ್ಚುವ ಹೊತ್ತಿಗೆ ವಾರ ಕಳೆದಿತ್ತು. ದೋಣಿಯಲ್ಲಿ ಜನರನ್ನು ಕರೆತಂದದ್ದು, ಹೆಲಿಕಾಪ್ಟರಿನಿಂದ ಆಹಾರದ ಪೊಟ್ಟಣ ಇಳಿಸಿದ್ದು ಎಲ್ಲರೂ ನೋಡಿದ ಚಿತ್ರ. ಆಮೇಲಿನ ಕೆಲಸ ಅಷ್ಟಾಗಿ ಸುದ್ದಿಯಾಗಲಿಲ್ಲ. ನೀರು ಇಳಿದ ಮನೆಗಳ ಒಳಗೆ ಕೂತಿದ್ದ ಕೆಸರನ್ನು ತೊಳೆಯಲು ಅಗ್ನಿಶಾಮಕ ವಾಹನಗಳೇ ಬೀದಿ ಬೀದಿಗೆ ಬರಬೇಕಾಯಿತು. ನೆಲಮಹಡಿ ಮುಳುಗಿದ ಕುಟುಂಬಗಳಿಗೆ ಸರ್ಕಾರ 25,000 ರೂಪಾಯಿ ಪರಿಹಾರ ಪ್ರಕಟಿಸಿತು.

ಅದೇ ರಾಜ್ಯದ ವಿಶಾಖಪಟ್ಟಣದ ಕಷ್ಟ ಬೇರೆ ಬಗೆಯದು. ಅಲ್ಲಿ ಹೊಳೆಗಿಂತ ಚಂಡಮಾರುತದ ಭಯ ಹೆಚ್ಚು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ನೇರವಾಗಿ ನಗರಕ್ಕೇ ಬಡಿದು ದಿನಗಟ್ಟಲೆ ಕರೆಂಟ್ ಇಲ್ಲದಂತೆ ಮಾಡಿತು. 2021ರ ಸೆಪ್ಟೆಂಬರ್ ಕೊನೆಯಲ್ಲಿ ಗುಲಾಬ್ ದಡ ಸೇರಿದಾಗ ಒಂದೇ ದಿನದಲ್ಲಿ 30 ಸೆಂಟಿಮೀಟರ್ ಮೀರಿ ಮಳೆ ಸುರಿಯಿತು. ಗುಡ್ಡಗಳಿಂದ ಇಳಿಯುವ ನೀರು ‘ಗೆಡ್ಡ’ಗಳೆಂದು ಕರೆಯುವ ತೊರೆಗಳಲ್ಲಿ ಕಡಲಿಗೆ ಓಡಬೇಕು. ಅವು ತುಂಬಿದರೆ ನೀರು ರಸ್ತೆಗೆ, ರಸ್ತೆಯಿಂದ ಬೇಸ್‌ಮೆಂಟಿನ ಇಳಿಜಾರಿನ ಬಾಯಿಗೆ, ಅಲ್ಲಿಂದ ಕಟ್ಟಡದ ಅಡಿಗೆ. ಬಸ್ ಕಾಂಪ್ಲೆಕ್ಸ್, ಬಟ್ಟೆ ಅಂಗಡಿ, ಆಸ್ಪತ್ರೆ, ಕೋಚಿಂಗ್ ಕೇಂದ್ರಗಳು ಒತ್ತೊತ್ತಾಗಿರುವ ದ್ವಾರಕಾ ನಗರದಂಥ ಬಡಾವಣೆಯಲ್ಲಿ ‘ಸೆಲ್ಲಾರ್’ ಎಂದು ಕರೆಯುವ ನೆಲಮಾಳಿಗೆಯೇ ವಾಹನಕ್ಕೆ, ಗೋದಾಮಿಗೆ, ಜನರೇಟರಿಗೆ ಜಾಗ.

ಕನ್ನಡದ ಓದುಗರಿಗೆ ಇದು ದೂರದ ಸಂಗತಿಯಲ್ಲ. 2018ರ ಮೇ 29ರಂದು ಮಂಗಳೂರು ಮುಳುಗಿತು. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಇಂದ್ರಾಣಿ ತೊರೆ ಉಕ್ಕಿ ಕಲ್ಸಂಕ, ಬೈಲಕೆರೆ ಸುತ್ತ ನೀರು ನಿಂತಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ರೈನ್‌ಬೋ ಡ್ರೈವ್ ನಿವಾಸಿಗಳು ಟ್ರ್ಯಾಕ್ಟರಿನಲ್ಲಿ ಹೊರಬಂದರು. ಬೇಸ್‌ಮೆಂಟಿಗೆ ನುಗ್ಗಿದ ನೀರನ್ನು ತೆಗೆಯುವುದರಿಂದ ಹಿಡಿದು ಮತ್ತೆ ಬಣ್ಣ ಬಳಿಯುವವರೆಗಿನ ಕೆಲಸದಲ್ಲಿ ಹೆಚ್ಚಿನ ನಷ್ಟಕ್ಕೆ ಕಾರಣ ಆತುರ: ಒಳಗಿಳಿಯಲು ಆತುರ, ನೀರು ಖಾಲಿ ಮಾಡಲು ಆತುರ, ಮುಚ್ಚಿ ಬಣ್ಣ ಹೊಡೆಯಲು ಆತುರ. ಕೆಸರು ತೆಗೆಯುವುದು ಮತ್ತು ಬೂಷ್ಟು ತಡೆಯುವುದು, ಇವೆರಡಕ್ಕೆ ಮಾತ್ರ ಅವಸರ ಬೇಕು.

ಕರೆಂಟ್ ತೆಗೆಯದೆ ಒಂದು ಮೆಟ್ಟಿಲೂ ಇಳಿಯಬಾರದು

2025ರ ಮೇ 19ರಂದು ಬೆಂಗಳೂರಿನ ಬಿಟಿಎಂ ಲೇಔಟ್ ಬಳಿಯ ಎನ್.ಎಸ್. ಪಾಳ್ಯದ ಅಪಾರ್ಟ್‌ಮೆಂಟ್ ಒಂದರಲ್ಲಿ ಬೇಸ್‌ಮೆಂಟಿಗೆ ನುಗ್ಗಿದ ಮಳೆನೀರನ್ನು ಮೋಟಾರ್ ಇಟ್ಟು ಹೊರಹಾಕುವಾಗ ವಿದ್ಯುತ್ ಹರಿದು ಇಬ್ಬರು ಸತ್ತರು. ಒಬ್ಬರು ಹಿರಿಯರು, ಇನ್ನೊಬ್ಬ 12 ವರ್ಷದ ಹುಡುಗ. ಅದಕ್ಕೂ ಹತ್ತು ತಿಂಗಳ ಹಿಂದೆ, 2024ರ ಜುಲೈ 27ರಂದು, ದೆಹಲಿಯ ಹಳೆ ರಾಜಿಂದರ್ ನಗರದ ಕೋಚಿಂಗ್ ಕೇಂದ್ರದ ಬೇಸ್‌ಮೆಂಟಿಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಬಿಟ್ಟಿದ್ದರು. ಒಂದು ಕಡೆ ನೀರು ತೆಗೆಯುವ ಕೆಲಸವೇ ಕೊಂದಿತು, ಇನ್ನೊಂದು ಕಡೆ ನೀರು ನುಗ್ಗಿದ ರಭಸ. ಮಳೆ ಜೋರಾಗಿರುವಾಗ ಗಾಡಿ ತೆಗೆಯಲೆಂದು ಬೇಸ್‌ಮೆಂಟಿಗೆ ಇಳಿಯುವುದನ್ನು ಬಿಡಬೇಕು. ಬಾಗಿಲಿನ ಆಚೆ ಅರ್ಧ ಮೀಟರ್ ನೀರು ನಿಂತರೂ ಅದನ್ನು ತಳ್ಳಿ ತೆರೆಯುವುದು ಒಬ್ಬರ ಕೈಲಾಗುವ ಕೆಲಸವಲ್ಲ.

ಅಪಾರ್ಟ್‌ಮೆಂಟುಗಳಲ್ಲಿ ಮೀಟರ್ ಬೋರ್ಡು, ಲಿಫ್ಟಿನ ಪ್ಯಾನಲ್, ಜನರೇಟರ್‌ನ ಸ್ವಿಚ್, ಈಗೀಗ ವಿದ್ಯುತ್ ವಾಹನದ ಚಾರ್ಜರ್ ಎಲ್ಲವೂ ಕೆಳಗೇ ಇರುತ್ತವೆ. ಕೆಳಗಿಳಿದು ಮೇನ್ ಆಫ್ ಮಾಡುವ ಮಾತೇ ಬೇಡ. ಸರಬರಾಜು ಕಂಪನಿಗೆ ಫೋನ್ ಮಾಡಿ ಹೊರಗಿನ ಕಂಬ ಅಥವಾ ಟ್ರಾನ್ಸ್‌ಫಾರ್ಮರ್‌ನಲ್ಲೇ ಸಂಪರ್ಕ ತೆಗೆಸಬೇಕು. ಇನ್ವರ್ಟರ್, ಯುಪಿಎಸ್, ಚಾವಣಿಯ ಸೌರಫಲಕಗಳು ಬೀದಿಯಲ್ಲಿ ಕರೆಂಟ್ ಇಲ್ಲದಾಗಲೂ ತಂತಿಯಲ್ಲಿ ವಿದ್ಯುತ್ ಹರಿಸಬಲ್ಲವು, ಅವನ್ನೂ ಬೇರ್ಪಡಿಸಬೇಕು. ಪಂಪಿಗೆ ಕರೆಂಟ್ ಕೊಡುವ ಲೈನಿನಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತವಾಗುವ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು. ಟೇಪು ಸುತ್ತಿದ ವೈರಿನ ಜೋಡು ನೀರಿನ ಹತ್ತಿರ ಸುಳಿಯಬಾರದು. ಮೋಟಾರ್ ಓಡುತ್ತಿರುವಾಗ ನೀರಿನಲ್ಲಿ ಯಾರೂ ನಿಂತಿರಬಾರದು.

ಕರೆಂಟ್ ಇಲ್ಲದೆಡೆ ಡೀಸೆಲ್ ಪಂಪೇ ದಾರಿ. ಆದರೆ ಪಂಪಾಗಲಿ ಜನರೇಟರಾಗಲಿ ಬೇಸ್‌ಮೆಂಟಿನ ಒಳಗೆ, ಇಳಿಜಾರಿನ ಬಾಯಲ್ಲಿ, ಕಿಟಕಿಯ ಪಕ್ಕದಲ್ಲಿ ಓಡಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯಂತ್ರ ಹೊರಗೆ, ಬಾಗಿಲು ಕಿಟಕಿಗಳಿಂದ ಕನಿಷ್ಠ ಆರು ಮೀಟರ್ ದೂರದಲ್ಲಿರಬೇಕು. ಪೈಪು ಮಾತ್ರ ಒಳಗೆ ಹೋಗಬೇಕು. ಒಳಚರಂಡಿ ನೀರು ಬೆರೆತಿದ್ದರೆ ವಿಷಾನಿಲದ ಭಯವೂ ಉಂಟು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೊರಗೆ ಬಂದು ಅಗ್ನಿಶಾಮಕ ದಳವನ್ನು ಕರೆಯಬೇಕು.

ಇಳಿಯುವವರಿಗೆ ಗಂಬೂಟು, ರಬ್ಬರ್ ಕೈಗವಸು ಬೇಕು. ಕಾಲಿನ ಸಣ್ಣ ಗಾಯದಿಂದಲೂ ಇಲಿ ಜ್ವರ ಒಳಹೊಗುತ್ತದೆ. ಹಲವು ದಿನ ಕೊಳೆನೀರಲ್ಲಿ ಕೆಲಸ ಮಾಡುವವರು ಮುಂಜಾಗ್ರತೆಯ ಮಾತ್ರೆಯ ಬಗ್ಗೆ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಮೊದಲೇ ಕೇಳುವುದು ಒಳ್ಳೆಯದು. ಮೂಲೆಗಳಲ್ಲಿ, ಪೆಟ್ಟಿಗೆಗಳ ಅಡಿಯಲ್ಲಿ ಹಾವು ಸೇರಿಕೊಂಡಿರುತ್ತದೆ. ಉದ್ದ ಕೋಲಿನಿಂದ ತಟ್ಟಿ ನೋಡದೆ ಕೈಹಾಕಬಾರದು.

ಪಂಪ್ ನಿಧಾನವಾಗಿ ಓಡಲಿ

ಹತ್ತು ಮೀಟರ್ ಅಗಲ, ಇಪ್ಪತ್ತು ಮೀಟರ್ ಉದ್ದದ ಬೇಸ್‌ಮೆಂಟಿನಲ್ಲಿ ಒಂದು ಮೀಟರ್ ನೀರು ನಿಂತರೆ ಅದು ಎರಡು ಲಕ್ಷ ಲೀಟರ್, ಅಂದರೆ 200 ಟನ್. ದೊಡ್ಡ ಪಂಪ್ ತಂದು ಒಂದೇ ರಾತ್ರಿ ಖಾಲಿ ಮಾಡಿಬಿಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಹೊರಗಿನ ಮಣ್ಣು ಆಗ ನೀರು ಕುಡಿದು ತುಂಬಿರುತ್ತದೆ. ಒಳಗಿನ ನೀರು ಗೋಡೆಯನ್ನು ಹೊರಕ್ಕೆ ಒತ್ತುತ್ತ, ಹೊರಗಿನ ಒತ್ತಡಕ್ಕೆ ಸಮ ಕೊಟ್ಟು ನಿಂತಿರುತ್ತದೆ. ಹೊರಗೆ ಎರಡು ಮೀಟರ್ ಎತ್ತರಕ್ಕೆ ನೀರು ತುಂಬಿದ್ದರೆ ಗೋಡೆಯ ಪ್ರತಿ ಒಂದು ಮೀಟರ್ ಉದ್ದಕ್ಕೆ ಬರಿ ನೀರಿನದೇ ಸುಮಾರು ಎರಡು ಟನ್ ತಳ್ಳಾಟ. ಹಸಿ ಮಣ್ಣಿನ ಒತ್ತಡ ಅದಕ್ಕೆ ಸೇರಿಕೊಳ್ಳುತ್ತದೆ. ಒಳಗಿನ ಆಸರೆಯನ್ನು ಒಮ್ಮೆಲೇ ತೆಗೆದರೆ ಗೋಡೆ ಬಾಗುತ್ತದೆ, ಬಿರಿಯುತ್ತದೆ, ಕೆಲವೊಮ್ಮೆ ಕುಸಿಯುತ್ತದೆ.

ನೆಲಕ್ಕೂ ಅದೇ ಗತಿ. ಹದಿನೈದು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ನೆಲ ಚದರ ಮೀಟರಿಗೆ ಸುಮಾರು 360 ಕಿಲೋ ತೂಗುತ್ತದೆ. ಕಂಬಗಳಿಗೆ ಬಿಗಿದಿರದ ಅಂಥ ನೆಲವನ್ನು ಮೇಲೆತ್ತಲು ಅಡಿಯಿಂದ 36 ಸೆಂಟಿಮೀಟರ್ ನೀರಿನ ಒತ್ತಡ ಸಾಕು. ನಡುವೆ ಉಬ್ಬಿ ಬಿರುಕು ಬಿಟ್ಟ ಬೇಸ್‌ಮೆಂಟ್ ನೆಲಗಳಲ್ಲಿ ಹಲವು ಹೀಗೇ ಕೆಟ್ಟಿರುತ್ತವೆ.

ಅನುಸರಿಸಬೇಕಾದ ಕ್ರಮ ಸರಳವಾಗಿದೆ. ರಸ್ತೆಯ ಮೇಲಿನ ನೀರು ಪೂರ್ತಿ ಇಳಿಯುವವರೆಗೆ ಪಂಪ್ ಹಚ್ಚಬಾರದು. ಮೊದಲ ಸಲ ಸುಮಾರು ಒಂದು ಅಡಿಯಷ್ಟು ತೆಗೆದು, ಗೋಡೆಯ ಮೇಲೆ ಸೀಮೆಸುಣ್ಣದಿಂದ ನೀರಿನ ಮಟ್ಟಕ್ಕೆ ಗೆರೆ ಎಳೆದು, ರಾತ್ರಿ ಹಾಗೇ ಬಿಡಬೇಕು. ಬೆಳಿಗ್ಗೆ ಗೆರೆ ಮುಳುಗಿದ್ದರೆ ಹೊರಗಿನ ಅಂತರ್ಜಲ ಇನ್ನೂ ಎತ್ತರದಲ್ಲಿದೆ, ಕಾಯಬೇಕು ಎಂದರ್ಥ. ಗೆರೆ ಕಾಣುತ್ತಿದ್ದರೆ ಎರಡು ಮೂರು ಅಡಿ ತೆಗೆದು ಮತ್ತೆ ಗೆರೆ, ಮತ್ತೆ ಒಂದು ರಾತ್ರಿ. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಹೇಳುವ ಕ್ರಮವೂ ಇದೇ. ವಿಜಯವಾಡದಂಥ ನದಿಬಯಲಿನ ಊರಿನಲ್ಲಿ, ಮಂಗಳೂರಿನ ಗದ್ದೆ ತುಂಬಿಸಿ ಕಟ್ಟಿದ ಬಡಾವಣೆಗಳಲ್ಲಿ ಅಂತರ್ಜಲ ಇಳಿಯಲು ದಿನಗಳೇ ಬೇಕಾಗುವುದರಿಂದ ಈ ಗೆರೆಯ ಪರೀಕ್ಷೆಯನ್ನು ತಪ್ಪಿಸುವಂತಿಲ್ಲ. ತೆಗೆದ ನೀರನ್ನು ಕಟ್ಟಡದ ಪಕ್ಕದ ಮಣ್ಣಿಗೇ ಬಿಟ್ಟರೆ ಅದು ಅದೇ ಗೋಡೆಯ ಮೂಲಕ ಒಳಗೆ ಬರುತ್ತದೆ. ಪೈಪು ಮಳೆನೀರು ಚರಂಡಿಯವರೆಗೆ ಮುಟ್ಟಬೇಕು.

ಗೋಡೆಯಲ್ಲಿ ಅಡ್ಡಕ್ಕೆ ಬಿದ್ದ ಉದ್ದ ಬಿರುಕು, ಒಳಕ್ಕೆ ಬಾಗಿದ ಗೋಡೆ, ಕಂಬದ ಬುಡದಲ್ಲಿ ಸೀಳು, ಇಳಿದ ನೆಲ: ಇವುಗಳಲ್ಲಿ ಒಂದು ಕಂಡರೂ ಪಂಪ್ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು.

ತೊಳೆಯುವ ಮುನ್ನ ಫೋಟೊ

ನೀರು ತೆಗೆದೊಡನೆ ಪೊರಕೆ ಹಿಡಿಯುವ ಮೊದಲು ಗೋಡೆಯ ಮೇಲಿನ ನೀರಿನ ಕಲೆ, ಹಾಳಾದ ಸಾಮಾನು, ಯಂತ್ರಗಳ ನಂಬರ್ ಪ್ಲೇಟು ಎಲ್ಲದರ ಫೋಟೊ, ವಿಡಿಯೊ ತೆಗೆದಿಡಬೇಕು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಮಾದರಿಯ ಗೃಹವಿಮೆಯಲ್ಲಿ ಪ್ರವಾಹದ ಹಾನಿ ಸೇರಿದೆ. ವಿಮಾ ಕಂಪನಿಗೆ ತಿಳಿಸಿದ ಮೇಲೆ, ಅವರು ಒಪ್ಪಿದರೆ, ಸರ್ವೇಯರ್ ಬರುವ ಮೊದಲೇ ಶುಚಿಗೊಳಿಸಬಹುದು. ಎಸೆಯುವ ಪ್ರತಿ ವಸ್ತುವಿನ ಪಟ್ಟಿ ಮಾತ್ರ ಕೈಯಲ್ಲಿರಬೇಕು.

ಮುಳುಗಿದ ಕಾರಿನ ಕೀಲಿ ತಿರುಗಿಸಿ ನೋಡುವುದು ದುಬಾರಿಯಾಗುವ ತಪ್ಪು. ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಮುರಿಯುತ್ತದೆ. ಹಾಗೆ ಮುರಿದ ಎಂಜಿನ್ನಿಗೆ ಸಾಮಾನ್ಯ ಸಮಗ್ರ ವಿಮೆಯಲ್ಲಿ ಪರಿಹಾರ ಸಿಗುವುದು ಕಷ್ಟ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಬೇಕು. ಬ್ಯಾಟರಿ ಸಂಪರ್ಕ ತೆಗೆದು ಟೋ ಮಾಡಿಸಬೇಕು. ಉಪ್ಪುನೀರು ಹೊಕ್ಕ ವಿದ್ಯುತ್ ವಾಹನದ ಬ್ಯಾಟರಿಗೆ ದಿನಗಳ ನಂತರವೂ ಬೆಂಕಿ ಹತ್ತಬಹುದು. ಅದನ್ನು ಕಟ್ಟಡದಿಂದ 15 ಮೀಟರ್ ದೂರದ ಬಯಲಲ್ಲಿ ನಿಲ್ಲಿಸಬೇಕು.

ಕಾಗದಪತ್ರಗಳಿಗೆ ಗಡುವು 48 ಗಂಟೆ. ಅಷ್ಟರೊಳಗೆ ಒಣಗಿಸಲಾಗದ ಆಸ್ತಿಪತ್ರ, ಅಂಕಪಟ್ಟಿ, ಲೆಕ್ಕದ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಬೂಷ್ಟು ನಿಲ್ಲುತ್ತದೆ. ಆಮೇಲೆ ಬಿಡುವಾಗಿ ಒಂದೊಂದೇ ಹಾಳೆ ಒಣಗಿಸಬಹುದು. ಪ್ರಾಚ್ಯಪತ್ರಾಗಾರಗಳ ತಜ್ಞರು ಬಳಸುವ ವಿಧಾನವಿದು.

ಕೆಸರು ಹಸಿಯಿರುವಾಗಲೇ

ಪ್ರವಾಹದ ಹೂಳು ನುಣ್ಣನೆಯದು. ಹಸಿಯಿದ್ದಾಗ ರಬ್ಬರ್ ವೈಪರಿಗೆ ಬಗ್ಗುತ್ತದೆ; ಒಣಗಿದರೆ ಗಟ್ಟಿಯಾಗಿ ಚಾಣ ಹಿಡಿದು ಕೆರೆಯಬೇಕು, ಕೆರೆದಾಗ ಏಳುವ ಧೂಳಿನಲ್ಲಿ ಚರಂಡಿಯ ರೋಗಾಣುಗಳೂ ಇರುತ್ತವೆ. ಆದ್ದರಿಂದ ನೀರು ಇಳಿದ ದಿನವೇ ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಬಾಗಿಲಿನ ಕಡೆಗೆ ತೊಳೆಯುತ್ತ ಬರಬೇಕು. ಮೊದಲು ಬರಿ ನೀರು, ಆಮೇಲೆ ಸೋಪಿನ ನೀರು, ಕೊನೆಗೆ ಬ್ಲೀಚಿಂಗ್ ಪೌಡರ್. ಈ ಸರದಿ ತಿರುವುಮುರುವಾಗಬಾರದು, ಏಕೆಂದರೆ ಕೆಸರಿನ ಮೇಲೆ ಚೆಲ್ಲಿದ ಬ್ಲೀಚಿಂಗ್ ಪೌಡರ್‌ನ ಕ್ಲೋರಿನ್ ಕೆಸರಿನ ಜೊತೆಗೇ ಖರ್ಚಾಗಿಹೋಗುತ್ತದೆ.

ಶೇ 33ರಷ್ಟು ಕ್ಲೋರಿನ್ ಇರುವ ತಾಜಾ ಪೌಡರನ್ನು ಲೀಟರಿಗೆ 15 ಗ್ರಾಂ ಲೆಕ್ಕದಲ್ಲಿ ಕದಡಿ, ತಿಳಿಯನ್ನು ಬಸಿದು ನೆಲ, ಗೋಡೆಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಯಾಡದ ನೆಲಮಾಳಿಗೆಯಲ್ಲಿ ಅದು ಪ್ರಾಣಾಂತಿಕ. ಕಬ್ಬಿಣದ ಬಾಗಿಲು, ರೇಲಿಂಗ್‌ಗಳ ಮೇಲೆ ಬಿದ್ದ ಬ್ಲೀಚನ್ನು ಕೂಡಲೇ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ.

ಏನು ಉಳಿಯುತ್ತದೆ, ಏನು ಹೋಗುತ್ತದೆ? ಗಾಜು, ಸ್ಟೀಲು, ಗಟ್ಟಿ ಪ್ಲಾಸ್ಟಿಕ್, ಟೈಲ್ಸ್ ತೊಳೆದರೆ ಉಳಿಯುತ್ತವೆ. ಸಾಗುವಾನಿ, ಹಲಸಿನ ಗಟ್ಟಿ ಮರವನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಉಳಿಯುತ್ತದೆ, ಬಿಸಿಲಿಗಿಟ್ಟರೆ ಸೀಳುತ್ತದೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಜಿಪ್ಸಂ ಬೋರ್ಡ್, ಚರಂಡಿ ನೀರು ಕುಡಿದ ಹಾಸಿಗೆ, ಸೋಫಾ, ಕಾರ್ಪೆಟ್ ಎಸೆಯಲೇಬೇಕಾದವು. ಗೋಡೆಗೆ ಜಿಪ್ಸಂ ಬೋರ್ಡ್ ಹೊದಿಸಿದ್ದರೆ ನೀರಿನ ಕಲೆಗಿಂತ ಒಂದಡಿ ಮೇಲಿನವರೆಗೂ ಕತ್ತರಿಸಿ ತೆಗೆಯಬೇಕು, ಏಕೆಂದರೆ ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ನೀರನ್ನು ಮೇಲೆಳೆದಿರುತ್ತದೆ.

ಕುಡಿಯುವ ನೀರಿನ ಸಂಪ್ ಮುಳುಗಿದ್ದರೆ ಅದರ ನೀರನ್ನು ಪೂರ್ತಿ ಚೆಲ್ಲಿ, ಕೆಸರು ತೆಗೆದು, ಉಜ್ಜಿ, ಕ್ಲೋರಿನ್ ನೀರಿನಲ್ಲಿ ತೊಳೆದು ಮತ್ತೆ ತುಂಬಬೇಕು. ಇಳಿಯುವವರು ಒಬ್ಬರೇ ಇರಬಾರದು. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿರುತ್ತದೆ. ತುಂಬಿದ ನೀರಿಗೆ ಕ್ಲೋರಿನ್ ಬೆರೆಸಿ ಒಂದು ಗಂಟೆಯಾದ ಮೇಲೆ ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದಿದ್ದರೆ ಸರಿ. ಇದನ್ನು ತೋರಿಸುವ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲೂ ಸಿಗುತ್ತದೆ.

ಗಾಳಿ ಬಿಟ್ಟರೆ ಒಣಗುವುದಿಲ್ಲ

ಕರಾವಳಿಯ ಕಷ್ಟ ನಿಜವಾಗಿ ಶುರುವಾಗುವುದು ಇಲ್ಲಿ. ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಬಾಗಿಲು ಕಿಟಕಿ ತೆರೆದು ಫ್ಯಾನ್ ಹಚ್ಚಿದರೆ ನೆಲ ಒಣಗುತ್ತದೆ. ಅದೇ ಉಪಾಯ ವಿಶಾಖಪಟ್ಟಣದಲ್ಲಿ, ಮಂಗಳೂರಿನಲ್ಲಿ ಮಳೆಗಾಲದಲ್ಲಿ ತಿರುಗಿ ಹೊಡೆಯುತ್ತದೆ. ಹೊರಗೆ 30 ಡಿಗ್ರಿ ಸೆಕೆ, ಶೇ 85ರಷ್ಟು ತೇವಾಂಶ ಇದೆಯೆನ್ನಿ. ಆ ಗಾಳಿ 27 ಡಿಗ್ರಿಗೆ ತಣಿದರೆ ಸಾಕು, ಅದರಲ್ಲಿನ ನೀರು ಹನಿಯಾಗಿ ಕೂರುತ್ತದೆ. ಮಣ್ಣಿನೊಳಗಿನ ಗೋಡೆ 26 ಡಿಗ್ರಿ ಇದ್ದರೆ ಹೊರಗಾಳಿ ಬಿಟ್ಟಷ್ಟೂ ಗೋಡೆ ಬೆವರುತ್ತದೆ. ದಿನವಿಡೀ ಫ್ಯಾನ್ ಓಡಿಸಿದರೂ ಒಣಗಲಿಲ್ಲವೆಂದು ಗೊಣಗುವ ಎಷ್ಟೋ ಮನೆಗಳಲ್ಲಿ ಆ ಫ್ಯಾನೇ ಹೊರಗಿನ ತೇವವನ್ನು ಒಳಗೆ ತರುತ್ತಿರುತ್ತದೆ.

ಹಾಗಾಗಿ ಮೊದಲು ಬೇಕಾದದ್ದು ಕೆಲವೇ ನೂರು ರೂಪಾಯಿಯ ತೇವಮಾಪಕ. ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ಇಡಬೇಕು. ಕೆಸರು ತೊಳೆದ ಮೊದಲ ದಿನ, ಒಳಗೆ ಎಲ್ಲೆಲ್ಲೂ ನೀರೇ ಇರುವಾಗ, ಬಾಗಿಲು ತೆರೆದು ಗಾಳಿ ಆಡಿಸುವುದು ಸರಿ. ನಿಂತ ನೀರು ಹೋದ ಮೇಲೆ ಲೆಕ್ಕ ಬದಲಾಗುತ್ತದೆ. ಆಗ ಬಾಗಿಲು, ಕಿಂಡಿ ಮುಚ್ಚಿ, ಇಳಿಜಾರಿನ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಓಡಿಸಬೇಕು. ಅದರ ನೀರು ಬಕೆಟ್ಟಿಗೆ ಬೀಳದೆ ಪೈಪಿನಲ್ಲಿ ನೇರ ಚರಂಡಿಗೆ ಹೋಗುವಂತಿರಲಿ. ಫ್ಯಾನ್‌ಗಳು ಒಳಗಿನ ಗಾಳಿಯನ್ನೇ ಗೋಡೆ, ನೆಲದ ಮೇಲೆ ಆಡಿಸುತ್ತಿರಲಿ. ಯಂತ್ರ ಬಾಡಿಗೆಗೆ ಸಿಗದಿದ್ದರೆ ಸಣ್ಣ ಕೋಣೆಗೆ ಏಸಿಯ ‘ಡ್ರೈ’ ವಿಧಾನ ನೆರವಾಗುತ್ತದೆ. ಒಳಗಿನ ತೇವಾಂಶ ಶೇ 60ಕ್ಕಿಂತ ಕೆಳಗೆ ನಿಲ್ಲುವಂತಾಗಬೇಕು. ಶೇ 50ಕ್ಕೆ ಇಳಿದರೆ ಇನ್ನೂ ಒಳ್ಳೆಯದು.

ಬೂಷ್ಟಿಗೆ 24ರಿಂದ 48 ಗಂಟೆ ಸಾಕು. ಗಟ್ಟಿ ಮೇಲ್ಮೈಯ ಮೇಲೆ ಕಂಡ ಬೂಷ್ಟನ್ನು ಎನ್95 ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆ ಮತ್ತು ಸೋಪಿನಿಂದ ಒರೆಸಬೇಕು. ಒಣ ಪೊರಕೆಯಿಂದ ಗುಡಿಸಿದರೆ ಅದರ ಬೀಜಕಣಗಳು ಇಡೀ ಕಟ್ಟಡಕ್ಕೆ ಹರಡುತ್ತವೆ. ಒಂದು ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ಹಬ್ಬಿದ್ದರೆ ತರಬೇತಿ ಪಡೆದವರಿಗೆ ಒಪ್ಪಿಸುವುದು ಲೇಸು. ಆಸ್ತಮಾ ಇರುವವರು, ಮಕ್ಕಳು, ಗರ್ಭಿಣಿಯರು ಆ ಕೆಲಸದ ಹತ್ತಿರ ಇರಬಾರದು.

ಟೈಲ್ಸ್ ಅಡಿಯಲ್ಲಿ ಅಡಗಿದ ನೀರು

ಮೇಲ್ನೋಟಕ್ಕೆ ಒಣಗಿದ ನೆಲದ ಕೆಳಗೆ ಎಷ್ಟು ನೀರಿದೆ ಎಂದು ತಿಳಿಯಲು ಒಂದು ನಾಣ್ಯ ಸಾಕು. ಟೈಲ್ಸ್ ಮೇಲೆ ಒಂದೊಂದಾಗಿ ತಟ್ಟುತ್ತ ಹೋದರೆ ಗಟ್ಟಿ ಕೂತಿರುವಲ್ಲಿ ‘ಟಕ್’ ಎಂಬ ಮೊಂಡು ಸದ್ದು, ಗಾರೆ ಬಿಟ್ಟಿರುವಲ್ಲಿ ಟೊಳ್ಳು ಸದ್ದು. ಟೊಳ್ಳಿರುವಲ್ಲಿ ನೀರು ಸೇರಿಕೊಂಡಿದೆ. ಅಲ್ಲಿಯ ಟೈಲ್ಸ್ ಎಬ್ಬಿಸಿ, ಕೆಳಗಿನ ಮರಳು, ಗಾರೆಯನ್ನು ತೆಗೆದು ಒಣಗಿಸಬೇಕು. ಮರದ ಅಥವಾ ಲ್ಯಾಮಿನೇಟ್ ಹಲಗೆಯ ನೆಲವಾದರೆ ಹಲಗೆ ಪೂರ್ತಿ ಏಳಲೇಬೇಕು. ಅಡಿಯ ಫೋಮ್ ಹಾಳೆಯಲ್ಲಿ ನಿಂತ ನೀರು ತಾನಾಗಿ ಹೋಗುವುದಿಲ್ಲ.

ನಮ್ಮ ಕಡೆಯ ಕಟ್ಟಡಗಳಲ್ಲಿ ಹೆಚ್ಚು ಮೋಸ ಮಾಡುವುದು ಬಚ್ಚಲುಮನೆಯ ತಗ್ಗಿಸಿದ ಸ್ಲ್ಯಾಬು. ಅಲ್ಲಿ ಪೈಪುಗಳ ಸುತ್ತ ಇಟ್ಟಿಗೆ ಚೂರು ತುಂಬಿ ಮೇಲೆ ಟೈಲ್ಸ್ ಹಾಕಿರುತ್ತಾರೆ. ಆ ಚೂರುಗಳ ಸಂದಿನಲ್ಲಿ ತುಂಬಿದ ಕೊಳೆನೀರು ತಿಂಗಳುಗಟ್ಟಲೆ ಕೂತು ಪಕ್ಕದ ಗೋಡೆಯಲ್ಲಿ ಪಸೆಯಾಗಿ ಕಾಣಿಸಿಕೊಳ್ಳುತ್ತದೆ. ಅನುಭವಿ ಪ್ಲಂಬರ್ ಒಂದು ಕಡೆ ತೂತು ಕೊರೆದು, ತೆಳು ಪೈಪಿನ ಬಾಯಿ ಇಟ್ಟು ನೀರನ್ನು ಬಸಿಯಬಲ್ಲ. ಮಣ್ಣು ತುಂಬಿ ಎತ್ತರಿಸಿದ ಪಾಯದ ಮನೆಗಳಲ್ಲಿ ಇನ್ನೊಂದು ಅಪಾಯವಿದೆ: ಪ್ರವಾಹ ಆ ಮಣ್ಣನ್ನು ಕೊಚ್ಚಿ ಒಯ್ದಿದ್ದರೆ ನೆಲ ಗಾಳಿಯಲ್ಲಿ ನಿಂತಿರುತ್ತದೆ. ಭಾರದ ಅಲ್ಮೇರಾ ಇಡುವ ಮೊದಲು ಕೋಣೆಯ ಅಂಚುಗಳಲ್ಲಿ ಗೋಡೆಗೂ ನೆಲಕ್ಕೂ ನಡುವೆ ಸಂದು ಬಿದ್ದಿದೆಯೇ ನೋಡಬೇಕು.

ಕಾಂಕ್ರೀಟ್ ಒಣಗುವ ಲೆಕ್ಕವನ್ನು ಎಂಜಿನಿಯರುಗಳು ಸ್ಥೂಲವಾಗಿ ಒಂದು ಇಂಚಿಗೆ ಒಂದು ತಿಂಗಳು ಎಂದು ಹಿಡಿಯುತ್ತಾರೆ, ಅದೂ ಒಣ ಹವೆಯಿದ್ದರೆ. ನಾಲ್ಕು ಇಂಚಿನ ನೆಲಕ್ಕೆ ನಾಲ್ಕು ತಿಂಗಳು. ಒಣಗಿದೆಯೇ ಎಂದು ನೋಡಲು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಅಂಚು ಟೇಪ್ ಹಚ್ಚಿ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಅಡಿಯಲ್ಲಿ ಹನಿ ಕಂಡರೆ, ಕಾಂಕ್ರೀಟ್ ಕಪ್ಪಾಗಿದ್ದರೆ, ಇನ್ನೂ ಕಾಯಬೇಕು. ಹಾಳೆ ಒಣಗಿದ್ದರೆ ಇನ್ನೆರಡು ಜಾಗಗಳಲ್ಲಿ ಅದೇ ಪರೀಕ್ಷೆ ಮಾಡಿ ಆಮೇಲೆ ಟೈಲ್ಸಿನ ಮಾತು.

ಬಣ್ಣಕ್ಕೆ ಅವಸರ ಬೇಡ

ಒದ್ದೆ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಅಥವಾ ಎಣ್ಣೆಬಣ್ಣ ಹೊಡೆದರೆ ಒಳಗಿನ ನೀರಿಗೆ ಹೊರಬರುವ ದಾರಿಯೇ ಮುಚ್ಚುತ್ತದೆ. ಕೆಲವೇ ತಿಂಗಳಲ್ಲಿ ಬಣ್ಣ ಗುಳ್ಳೆಯೆದ್ದು ಹಪ್ಪಳೆಯಾಗಿ ಬೀಳುತ್ತದೆ. ಗೋಡೆಯ ಮೇಲೆ ಬಿಳಿ ಪುಡಿ ಏಳುತ್ತಿದ್ದರೆ ಅದು ನೀರು ಹೊತ್ತುತಂದ ಲವಣ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು, ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಹೋಗುತ್ತದೆ. ಪುಡಿ ಏಳುವುದು ನಿಲ್ಲುವವರೆಗೆ ಸುಣ್ಣ ಬಳಿದುಕೊಂಡಿರುವುದೇ ಮೇಲು. ಸುಣ್ಣ ಗೋಡೆಯ ತೇವವನ್ನು ತಡೆಯುವುದಿಲ್ಲ, ಬೂಷ್ಟಿಗೂ ಒಗ್ಗುವುದಿಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಕೆಂಪುಕಲ್ಲಿನ ಗೋಡೆಗಳಿಗಂತೂ ಇದು ಇನ್ನಷ್ಟು ಸಲ್ಲುತ್ತದೆ. ಆ ಕಲ್ಲು ರಂಧ್ರಮಯ, ಹೀರಿದ ನೀರನ್ನು ಬಿಟ್ಟುಕೊಡಲು ಬಹಳ ಕಾಲ ಹಿಡಿಯುತ್ತದೆ.

ಕಡಲಿನ ಉಪ್ಪು ಸೇರಿದ ನೀರಾದರೆ ಕಾಂಕ್ರೀಟಿನೊಳಗಿನ ಕಬ್ಬಿಣದ ಬಗ್ಗೆ ಯೋಚಿಸಬೇಕು. ಉಪ್ಪಿನ ಕ್ಲೋರೈಡ್ ಸರಳಿಗೆ ಮುಟ್ಟಿದರೆ ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣದ ಹಲವು ಪಟ್ಟು ಜಾಗ ಬೇಡುವುದರಿಂದ ಹೊದಿಕೆಯ ಕಾಂಕ್ರೀಟನ್ನು ಒಡೆದು ಹೊರಹಾಕುತ್ತದೆ. ಪ್ರವಾಹದ ಮರುವಾರವೇ ಸಿಹಿನೀರಿನಿಂದ ಕಂಬ, ಗೋಡೆಗಳನ್ನು ಹಲವು ಸಲ ತೊಳೆದರೆ ಮೇಲ್ಮೈಯ ಉಪ್ಪು ಕಡಿಮೆಯಾಗುತ್ತದೆ. ಕಂದುಗೆರೆ, ಸರಳಿನ ಗುಂಟ ಬಿರುಕು ಕಂಡರೆ ಮೇಲೆ ಸಿಮೆಂಟ್ ಮೆತ್ತುವುದರಿಂದ ಉಪಯೋಗವಿಲ್ಲ. ಸಡಿಲ ಕಾಂಕ್ರೀಟ್ ಒಡೆದು, ಸರಳಿನ ತುಕ್ಕು ಕೆರೆದು, ರಕ್ಷಣಾ ಲೇಪ ಹಚ್ಚಿ, ಆಮೇಲೆ ದುರಸ್ತಿ ಗಾರೆ ತುಂಬಬೇಕು.

ಕೆಲಸದ ಕ್ಯಾಲೆಂಡರ್ ಊರಿಂದ ಊರಿಗೆ ಬೇರೆ. ಮಂಗಳೂರಿನಲ್ಲಿ ಜೂನ್‌ನಲ್ಲಿ ನೀರು ನುಗ್ಗಿದರೆ ಮುಂದೆ ಮೂರು ತಿಂಗಳು ಮಳೆಯೇ. ಅಲ್ಲಿಯವರೆಗೆ ಯಂತ್ರದಿಂದ ಒಣಗಿಸುತ್ತ, ಟೈಲ್ಸ್, ಬಣ್ಣವನ್ನು ಡಿಸೆಂಬರಿನ ನಂತರಕ್ಕೆ ಇಟ್ಟುಕೊಳ್ಳಬೇಕು. ವಿಜಯವಾಡ, ವಿಶಾಖಪಟ್ಟಣಗಳಿಗೆ ಸೆಪ್ಟೆಂಬರಿನಲ್ಲಿ ಏಟು ಬಿದ್ದರೆ ಹಿಂದೆಯೇ ಅಕ್ಟೋಬರ್, ನವೆಂಬರಿನ ಚಂಡಮಾರುತಗಳು ಬರುತ್ತವೆ. ಅಲ್ಲಿ ಜನವರಿಯಿಂದ ಮಾರ್ಚ್ ತನಕದ ದಿನಗಳೇ ಗೋಡೆ ಮುಚ್ಚುವ ಕೆಲಸಕ್ಕೆ ಸರಿಯಾದ ಕಾಲ.

ಮುಂದಿನ ಮಳೆಗೆ ಮೊದಲು

ರಾಷ್ಟ್ರೀಯ ಕಟ್ಟಡ ಸಂಹಿತೆ ಬೇಸ್‌ಮೆಂಟಿನ ಬಗ್ಗೆ ಸ್ಪಷ್ಟವಾಗಿಯೇ ಹೇಳಿದೆ: ಮೇಲ್ಮೈ ನೀರು ಒಳಗೆ ಬಾರದಂತೆ ಏರ್ಪಾಟಿರಬೇಕು, ಗೋಡೆ ಮತ್ತು ನೆಲ ನೀರು ತಡೆಯುವಂತಿರಬೇಕು. ಹಳೆಯ ಕಟ್ಟಡದಲ್ಲೂ ಇದನ್ನು ಕಡಿಮೆ ಖರ್ಚಿನಲ್ಲಿ ಬಹುಪಾಲು ಸಾಧಿಸಬಹುದು. ಇಳಿಜಾರಿನ ಬಾಯಲ್ಲಿ ರಸ್ತೆಗಿಂತ ಎತ್ತರದ ಏರು ಕಟ್ಟಿ, ಅದರ ಹಿಂದೆ ಅಡ್ಡಕ್ಕೆ ಜಾಲರಿ ಚರಂಡಿ ಹಾಕಬೇಕು. ಬಾಯಿಯ ಎರಡೂ ಬದಿಗೆ ಕಬ್ಬಿಣದ ತೋಡು ಕೂರಿಸಿ, ಮಳೆ ಮುನ್ಸೂಚನೆ ಬಂದಾಗ ಹಲಗೆ ಇಳಿಸುವಂತೆ ಮಾಡಿಕೊಳ್ಳಬೇಕು. ಒಳಚರಂಡಿ ಪೈಪಿಗೆ ಒಮ್ಮುಖ ವಾಲ್ವ್ ಇಲ್ಲದಿದ್ದರೆ ರಸ್ತೆಯಲ್ಲಿ ನೀರು ಇಲ್ಲದಾಗಲೂ ನೆಲದ ಜಾಲರಿಯಿಂದ ಕೊಳೆನೀರು ಉಕ್ಕುತ್ತದೆ. ಬೇಸ್‌ಮೆಂಟಿನ ನೀರು ಕೂಡುವ ಗುಂಡಿಯಲ್ಲಿ ತಾನಾಗಿ ಓಡುವ ಪಂಪ್ ಒಂದಲ್ಲ, ಎರಡು ಇರಬೇಕು. ಒಂದಕ್ಕಾದರೂ ಜನರೇಟರ್ ಸಂಪರ್ಕ ಬೇಕು. ಆ ಜನರೇಟರ್ ಮತ್ತು ವಿದ್ಯುತ್ ಪ್ಯಾನಲ್ ನೆಲಮಹಡಿಗೋ ಅದಕ್ಕೂ ಮೇಲಕ್ಕೋ ಹೋಗಬೇಕು. ಹುದ್‌ಹುದ್‌ನಂಥ ಗಾಳಿಯ ನಂತರ ದಿನಗಟ್ಟಲೆ ಕರೆಂಟ್ ಬಾರದಿದ್ದಾಗ ಕೆಳಗೆ ಮುಳುಗಿದ ಜನರೇಟರಿನಿಂದ ಯಾರಿಗೂ ಉಪಯೋಗವಿಲ್ಲ.

ನೀರು ನಿರೋಧಕ ಲೇಪವನ್ನು ಹೊರಗೋಡೆಗೆ ಹಚ್ಚುವುದು ಉತ್ತಮ. ಮಣ್ಣು ಅಗೆಯಲಾಗದ ಕಡೆ ಒಳಗಿನಿಂದ ಹಚ್ಚುವ ಸಿಮೆಂಟ್ ಮೂಲದ ಹರಳು ಲೇಪಗಳಿವೆ; ಇವು ಬಣ್ಣದಂತಲ್ಲ, ಕೆಲಸ ಮಾಡಲು ಇವಕ್ಕೆ ತೇವವಿರುವ ಕಾಂಕ್ರೀಟೇ ಬೇಕು. ಜಿನುಗುವ ಬಿರುಕಿಗೆ ಒತ್ತಡದಲ್ಲಿ ಪಾಲಿಯುರೆಥೇನ್ ತುಂಬಿಸಬಹುದು. ಅಂಗಳದ ಇಳಿಜಾರು ಗೋಡೆಯ ಕಡೆಗಿದ್ದರೆ ಮಾತ್ರ ಯಾವ ಲೇಪವೂ ಹೆಚ್ಚು ದಿನ ಬಾಳುವುದಿಲ್ಲ. ಅದನ್ನು ಮೊದಲು ತಿದ್ದಿಸಬೇಕು.

ನಿವಾಸಿಗಳ ಸಂಘ ಮೇ ತಿಂಗಳಲ್ಲಿ ಒಮ್ಮೆ, ಆಂಧ್ರದ ಕರಾವಳಿಯಲ್ಲಾದರೆ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ, ಒಂದು ಬೆಳಗು ಇದಕ್ಕೆ ಮೀಸಲಿಟ್ಟರೆ ಸಾಕು. ಗುಂಡಿಗೆ ನಾಲ್ಕಾರು ಬಕೆಟ್ ನೀರು ಸುರಿದು ಎರಡೂ ಪಂಪ್ ತಾವಾಗಿ ಓಡುತ್ತವೆಯೇ ನೋಡಬೇಕು. ಜಾಲರಿ ಚರಂಡಿಯ ಮಣ್ಣು ತೆಗೆಸಬೇಕು. ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ ಕರೆಂಟ್ ಕಡಿತವಾಗುತ್ತದೆಯೇ ಖಚಿತಪಡಿಸಿಕೊಳ್ಳಬೇಕು. ಮಳೆ ಜೋರಾದರೆ ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ ಬಂದ್ ಮಾಡುವವರು ಯಾರು, ಹಲಗೆ ಇಳಿಸುವವರು ಯಾರು, ವಿದ್ಯುತ್ ಕಚೇರಿಗೆ ಫೋನ್ ಮಾಡುವವರು ಯಾರು ಎಂಬುದನ್ನು ಬರೆದು, ಆ ಹಾಳೆಯನ್ನು ಬೇಸ್‌ಮೆಂಟಿನಲ್ಲಿ ಅಲ್ಲ, ಕಾವಲುಗಾರರ ಕೋಣೆಯಲ್ಲಿ ಅಂಟಿಸಬೇಕು.